ತಳದ ಭಾರ, ನಡೆಯ ಸ್ಥೈರ್ಯ

ನಮ್ಮ ನಿಲಂಗಾದ ಸುತ್ತ ಕಡಲಿಲ್ಲ. ಆದರೂ ನಮ್ಮ ರಾಜ್ಯದ ಮುಂಬಯಿಯಲ್ಲಿ ಸಾಗುವಾನಿಯಿಂದ ಕಟ್ಟಿದ ‘ಸುಹೈಲಿ’ ಎಂಬ 32 ಅಡಿಯ ಹಾಯಿದೋಣಿಯ ವೃತ್ತಾಂತವನ್ನು ನಾವೆಲ್ಲರೂ ಅರಿಯತಕ್ಕದ್ದು.

ಇಂಥ ದೋಣಿಯ ತಳದಲ್ಲಿ ‘ಕೀಲ್’ ಎಂಬ ಉದ್ದನೆಯ ಬೆನ್ನೆಲುಬು ನೀರಿನೊಳಗೆ ಇಳಿದಿರುತ್ತದೆ. ಅದರ ಅಡಿಗೆ ಕಬ್ಬಿಣದ ಭಾರವನ್ನು ಜೋಡಿಸಿರುತ್ತಾರೆ. ತಳದಲ್ಲಿ ಭಾರವುಳ್ಳ ಬೊಂಬೆಯನ್ನು ಎಷ್ಟು ಕೆಡವಿದರೂ ಅದು ಎದ್ದು ನಿಲ್ಲುವುದಷ್ಟೆ? ಗಾಳಿಗೆ ವಾಲಿದ ದೋಣಿಯೂ ಹಾಗೆಯೇ ನೆಟ್ಟಗಾಗುವುದು. ಕೀಲಿನ ಉದ್ದವು ದೋಣಿಯನ್ನು ಅತ್ತಿತ್ತ ಸರಿಯಗೊಡದು. ಇದು ಥಟ್ಟನೆ ತಿರುಗದು, ವೇಗವೂ ಕಡಿಮೆ. ಆದರೆ ಅಲೆಗಳ ನಡುವೆ ಕುಲುಕಾಟ ಅಲ್ಪ.

1968ರ ಜೂನ್ 14ರಂದು ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ನಾವಿಕರು ಇದರಲ್ಲಿ ಏಕಾಂಗಿಯಾಗಿ ಇಂಗ್ಲೆಂಡಿನಿಂದ ಹೊರಟರು. ದೋಣಿಯನ್ನು ತಾನಾಗಿ ನಡೆಸುವ ಸಾಧನವು ದಾರಿಯಲ್ಲಿ ಮುರಿಯಿತು. ಆಗಲೂ ಹಾಯಿಗಳನ್ನು ಹೊಂದಿಸಿಟ್ಟರೆ ಸುಹೈಲಿಯು ತನ್ನ ಹಾದಿಯನ್ನು ಬಿಡಲಿಲ್ಲ. ನಾವಿಕರಿಗೆ ನಿದ್ರೆ ದೊರೆಯಿತು. ಯಾವ ಬಂದರಿನ ನೆರವನ್ನೂ ಪಡೆಯದೆ ಭೂಮಿಯನ್ನು ಸುತ್ತಿ, 312 ದಿನಗಳ ತರುವಾಯ, 1969ರ ಏಪ್ರಿಲ್ 22ರಂದು ಅವರು ಮರಳಿದರು. ಆ ಪಂದ್ಯಕ್ಕೆ ಹೊರಟ 9 ಮಂದಿಯಲ್ಲಿ ಗುರಿ ಮುಟ್ಟಿದವರು ಇವರೊಬ್ಬರೇ.

ಪಾಲಕರೇ, ನಿಧಾನವಾಗಿ ಕಲಿಯುವ ಮಗುವನ್ನು ಮಂದಮತಿಯೆಂದು ನಾವು ಹಳಿಯದಿರೋಣ. ಮೊದಲು ತಳವು ಭದ್ರವಾಗಲಿ.