ಮಹಾನಗರದ ಅಪರಾಧಗಳು ಮತ್ತು ಪೊಲೀಸ್ ಸ್ಪಂದನ ಸಮಯ: ದೆಹಲಿಯ ಅನುಭವ

ರಾಜಧಾನಿ ದೆಹಲಿಯಲ್ಲಿ 2012ರಲ್ಲಿ ಭಾರತೀಯ ದಂಡ ಸಂಹಿತೆಯ ಅಡಿಯಲ್ಲಿ ದಾಖಲಾದ ಪ್ರಕರಣಗಳ ಸಂಖ್ಯೆ 54,287. ಮರುವರ್ಷ ಅದು 80,184ಕ್ಕೆ ಏರಿತು. 2014ರಲ್ಲಿ 1,55,654 ಆಯಿತು. 2015ರಲ್ಲಿ 1,91,377ನ್ನು ಮುಟ್ಟಿತು. ಮೂರು ವರ್ಷಗಳಲ್ಲಿ ಮೂರೂವರೆ ಪಟ್ಟು ಏರಿಕೆ. ಈ ಅಂಕಿಗಳನ್ನಷ್ಟೇ ನೋಡಿದವರಿಗೆ ನಗರದಲ್ಲಿ ಕಾನೂನು ಮತ್ತು ಸುವ್ಯವಸ್ಥೆ ಕುಸಿದುಬಿದ್ದಿತೆಂದು ತೋರುವುದು ಸಹಜ. ಆದರೆ ಇದೇ ಅವಧಿಯಲ್ಲಿ ನಗರದ ಕೊಲೆ ಪ್ರಕರಣಗಳು ಪ್ರತಿವರ್ಷವೂ 500 ಮತ್ತು 600ರ ನಡುವೆಯೇ ಉಳಿದಿದ್ದವು.

ಕೊಲೆಯನ್ನು ಮುಚ್ಚಿಡುವುದು ಕಷ್ಟ. ಶವವೊಂದು ದೊರೆತರೆ ಪ್ರಕರಣ ದಾಖಲಾಗಲೇಬೇಕು. ಆದ್ದರಿಂದ ಒಂದು ನಗರದ ಹಿಂಸಾಚಾರದ ನಿಜವಾದ ಏರಿಳಿತವನ್ನು ತಿಳಿಯಬಯಸುವ ಅಭ್ಯಾಸಿಗಳು ಮೊದಲು ಕೊಲೆಯ ಅಂಕಿಯನ್ನು ನೋಡುತ್ತಾರೆ. ಕಿಸೆಗಳ್ಳತನ, ಮೊಬೈಲ್ ಕಳವು, ಸರ ಅಪಹರಣ, ಮನೆಯೊಳಗಿನ ಹಿಂಸೆ ಇವುಗಳ ವಿಷಯ ಹಾಗಲ್ಲ. ಇವು ದಾಖಲೆಗೆ ಸೇರುವುದು ನೊಂದವರು ಠಾಣೆಗೆ ಬಂದರೆ ಮತ್ತು ಠಾಣೆಯವರು ಬರೆದುಕೊಂಡರೆ ಮಾತ್ರ. ಈ ಎರಡರಲ್ಲಿ ಯಾವುದೊಂದು ತಪ್ಪಿದರೂ ಅಪರಾಧ ನಡೆದಿರುತ್ತದೆ, ಅಂಕಿಯಲ್ಲಿ ಮಾತ್ರ ಇರುವುದಿಲ್ಲ.

ದೆಹಲಿಯಲ್ಲಿ ಆ ವರ್ಷಗಳಲ್ಲಿ ಬದಲಾದದ್ದು ಬಹುಮಟ್ಟಿಗೆ ಈ ಬರೆದುಕೊಳ್ಳುವ ಕ್ರಮವೇ. 2012ರ ಡಿಸೆಂಬರಿನ ಸಾಮೂಹಿಕ ಅತ್ಯಾಚಾರದ ಘಟನೆ ಇಡೀ ದೇಶವನ್ನು ಕಲಕಿತು. 2013ರಲ್ಲಿ ತಿದ್ದುಪಡಿಯಾದ ದಂಡ ಕಾನೂನು, ಮಹಿಳೆಯರ ಮೇಲಿನ ಕೆಲವು ಗಂಭೀರ ಅಪರಾಧಗಳ ದೂರನ್ನು ದಾಖಲಿಸದ ಅಧಿಕಾರಿಯನ್ನೇ ಶಿಕ್ಷೆಗೆ ಗುರಿಮಾಡಿತು. ಅದೇ ವರ್ಷ ನವೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಲಲಿತಾ ಕುಮಾರಿ ಪ್ರಕರಣದಲ್ಲಿ, ಬಂದ ಮಾಹಿತಿಯಿಂದ ಸಂಜ್ಞೇಯ ಅಪರಾಧ ಕಂಡುಬಂದರೆ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸುವುದು ಕಡ್ಡಾಯವೆಂದು ತೀರ್ಪಿತ್ತಿತು. 2015ರಲ್ಲಿ ದೆಹಲಿ ಪೊಲೀಸರು ವಾಹನ ಕಳವಿನ ದೂರನ್ನು ಠಾಣೆಗೆ ಬಾರದೆಯೇ ಗಣಕಯಂತ್ರ ಅಥವಾ ಮೊಬೈಲ್ ಮೂಲಕ ಸಲ್ಲಿಸುವ ಸೌಲಭ್ಯ ಕಲ್ಪಿಸಿದರು. ಹಿಂದೆ ಠಾಣೆಯ ಮೆಟ್ಟಿಲಲ್ಲಿಯೇ ನಿಂತುಹೋಗುತ್ತಿದ್ದ ಎಷ್ಟೋ ದೂರುಗಳು ಹೀಗೆ ಒಳಗೆ ಬಂದವು. ಆ ಏರಿಕೆಯಲ್ಲಿ ಒಂದಿಷ್ಟು ನಿಜವಾದ ಅಪರಾಧದ ಹೆಚ್ಚಳವೂ ಸೇರಿರಬಹುದು. ಆದರೆ ಅದರ ಬಹುಪಾಲು, ವ್ಯವಸ್ಥೆ ತನ್ನ ಕಿವಿಯನ್ನು ತೆರೆದುದರ ಫಲವೆಂದೇ ತಿಳಿಯಬೇಕು.

ಅಂಕಿಯ ಹೊರಗೆ ಉಳಿಯುವವರು

ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರವು ಪ್ರಕಟಿಸುವ ವಾರ್ಷಿಕ ಸಂಪುಟವು 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ 19 ಮಹಾನಗರಗಳ ಅಂಕಿಗಳನ್ನು ಪ್ರತ್ಯೇಕವಾಗಿ ಕೊಡುತ್ತದೆ. ದೆಹಲಿ, ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ಬೆಂಗಳೂರು ಎಲ್ಲವೂ ಅದರಲ್ಲಿ ಸೇರಿವೆ. ಪತ್ರಿಕೆಗಳು ಈ ಸಂಪುಟ ಹೊರಬಿದ್ದ ಮರುದಿನವೇ ನಗರಗಳನ್ನು ಒಂದರ ಕೆಳಗೊಂದು ಜೋಡಿಸಿ ‘ಅತಿ ಅಪಾಯಕಾರಿ’ ನಗರವನ್ನು ಆರಿಸುವುದುಂಟು. ದಾಖಲಾತಿಯ ಹೆಚ್ಚಳವನ್ನು ಅಪರಾಧದ ಹೆಚ್ಚಳವೆಂದು ತಿಳಿಯಬಾರದೆಂದು ಕೇಂದ್ರವೇ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಓದುವವರು ವಿರಳ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳು ಸೇರಿದ್ದರೆ, ಅವುಗಳಲ್ಲಿ ಅತ್ಯಂತ ಗಂಭೀರವಾದುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಕೊಲೆಯೊಡನೆ ನಡೆದ ದರೋಡೆ ಆ ಪಟ್ಟಿಯಲ್ಲಿ ಕೊಲೆಯಾಗಿ ಮಾತ್ರ ಕಾಣುತ್ತದೆ.

ದಾಖಲಾಗದ ಅಪರಾಧಗಳನ್ನು ತಿಳಿಯಲು ಇರುವ ಮಾರ್ಗ ಮನೆಮನೆಗೆ ಹೋಗಿ ಕೇಳುವುದು. ಐಡಿಎಫ್‌ಸಿ ಇನ್ಸ್ಟಿಟ್ಯೂಟ್ 2017ರಲ್ಲಿ ಪ್ರಕಟಿಸಿದ ಸಮೀಕ್ಷೆ ದೆಹಲಿ, ಮುಂಬಯಿ, ಚೆನ್ನೈ ಮತ್ತು ಬೆಂಗಳೂರುಗಳ 20,000ಕ್ಕೂ ಹೆಚ್ಚು ಕುಟುಂಬಗಳನ್ನು ಮಾತನಾಡಿಸಿತ್ತು. ಕಳ್ಳತನಕ್ಕೆ ಗುರಿಯಾದವರಲ್ಲಿ ಪ್ರಥಮ ವರ್ತಮಾನ ವರದಿಯವರೆಗೆ ಹೋದವರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ವಾಹನ ಕಳೆದುಕೊಂಡವರು ವಿಮೆಯ ಹಣಕ್ಕಾಗಿ ಠಾಣೆಗೆ ಹೋಗಲೇಬೇಕಾಗುತ್ತದೆ. ಪರ್ಸು ಕಳೆದುಕೊಂಡವರಿಗೆ ಆ ಅವಶ್ಯಕತೆ ಇಲ್ಲ. ಅಲೆದಾಟ, ಸಾಕ್ಷಿ ಹೇಳುವ ಭಯ, ‘ಹೋದದ್ದು ಹೋಯಿತು’ ಎಂಬ ನಿರಾಶೆ ಅವರನ್ನು ಮನೆಯಲ್ಲಿಯೇ ಕೂರಿಸುತ್ತವೆ. ಪರಸ್ಥಳದಿಂದ ಬಂದು ನೆಲೆಸಿದವರಿಗೆ ಭಾಷೆಯ ಸಂಕೋಚವೂ ಇದಕ್ಕೆ ಸೇರುತ್ತದೆ. ಹೀಗೆ ಸುಮ್ಮನಾದವರ ಬಡಾವಣೆ ಪೊಲೀಸ್ ನಕ್ಷೆಯಲ್ಲಿ ಶಾಂತ ಪ್ರದೇಶವಾಗಿ ಕಾಣುತ್ತದೆ. ಗಸ್ತು ವಾಹನಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಬಂದ ಕರೆಗಳ ಮತ್ತು ದಾಖಲಾದ ಪ್ರಕರಣಗಳ ಆಧಾರದ ಮೇಲೆ ನಿರ್ಧರಿಸುವಾಗ, ಅಂತಹ ಬಡಾವಣೆಗೆ ವಾಹನ ದೂರವೇ ಉಳಿಯುತ್ತದೆ. ಅಪರಾಧದ ಅಂಕಿಗೂ ಸ್ಪಂದನ ಸಮಯಕ್ಕೂ ಇರುವ ಮೊದಲ ನಂಟು ಇದು.

ಗಡಿಯಾರ ಯಾವಾಗ ಆರಂಭವಾಗುತ್ತದೆ?

ಪೊಲೀಸರು ಎಷ್ಟು ನಿಮಿಷಗಳಲ್ಲಿ ಬರುತ್ತಾರೆ ಎಂಬ ಪ್ರಶ್ನೆ ಸರಳವಾಗಿ ತೋರಿದರೂ ಅದರ ಉತ್ತರ ಗಡಿಯಾರವನ್ನು ಎಲ್ಲಿಂದ ಎಣಿಸುತ್ತೇವೆ ಎಂಬುದನ್ನು ಅವಲಂಬಿಸಿದೆ. ಘಟನೆ ನಡೆದು ಕರೆ ಹೋಗುವವರೆಗಿನ ಸಮಯ ಒಂದು. ಕರೆ ಸ್ವೀಕರಿಸಿ ವಿವರ ಬರೆದುಕೊಂಡು ವಾಹನಕ್ಕೆ ಸೂಚನೆ ಕೊಡುವವರೆಗಿನದು ಇನ್ನೊಂದು. ವಾಹನ ಹೊರಟು ಸ್ಥಳ ತಲುಪುವುದು ಮೂರನೆಯದು. ಪ್ರಕಟವಾಗುವ ಸರಾಸರಿಯಲ್ಲಿ ಮೊದಲನೆಯದು ಎಂದೂ ಸೇರುವುದಿಲ್ಲ, ಏಕೆಂದರೆ ಅದನ್ನು ಅಳೆಯುವ ಯಂತ್ರ ಯಾರ ಬಳಿಯೂ ಇಲ್ಲ. ಸರಾಸರಿಯೂ ಪೂರ್ಣ ಚಿತ್ರವನ್ನು ಕೊಡುವುದಿಲ್ಲ. ಒಂಬತ್ತು ಕರೆಗಳಿಗೆ ಐದೈದು ನಿಮಿಷದಲ್ಲಿ ವಾಹನ ತಲುಪಿ, ಹತ್ತನೆಯದಕ್ಕೆ 55 ನಿಮಿಷ ಹಿಡಿದರೆ ಸರಾಸರಿ ಹತ್ತೇ ನಿಮಿಷವಾಗುತ್ತದೆ. ಆ ಹತ್ತನೆಯ ಮನೆಯವರಿಗೆ ಈ ಲೆಕ್ಕದಿಂದ ಸಮಾಧಾನವಾಗದು. 1,483 ಚದರ ಕಿಲೋಮೀಟರುಗಳ ದೆಹಲಿಯಲ್ಲಿ ಕನಾಟ್ ಪ್ಲೇಸಿನ ಕರೆಯನ್ನೂ ನರೇಲಾದ ಅಂಚಿನ ಕರೆಯನ್ನೂ ಒಂದೇ ಸರಾಸರಿಯಲ್ಲಿ ಬೆರೆಸಿದರೆ ಇದೇ ಆಗುವುದು.

ಈ ವಿಷಯದಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ನಡೆದ ಎರಡು ಪ್ರಯೋಗಗಳು ಪ್ರಸಿದ್ಧವಾಗಿವೆ. 1972–73ರಲ್ಲಿ ಅಲ್ಲಿನ 15 ಗಸ್ತು ಪ್ರದೇಶಗಳನ್ನು ಮೂರು ಗುಂಪು ಮಾಡಿ, ಒಂದರಲ್ಲಿ ವಾಡಿಕೆಯ ಗಸ್ತನ್ನು ನಿಲ್ಲಿಸಿ ಕರೆ ಬಂದಾಗ ಮಾತ್ರ ಹೋಗಲಾಯಿತು. ಇನ್ನೊಂದರಲ್ಲಿ ಗಸ್ತನ್ನು ಎರಡು ಮೂರು ಪಟ್ಟು ಹೆಚ್ಚಿಸಲಾಯಿತು. ಮತ್ತೊಂದನ್ನು ಇದ್ದಂತೆಯೇ ಬಿಡಲಾಯಿತು. ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದೇ ದಶಕದಲ್ಲಿ ಆ ನಗರದಲ್ಲಿ ಸ್ಪಂದನ ಸಮಯದ ಅಧ್ಯಯನ ನಡೆಯಿತು. ಕಾರುಗಳ ವೇಗಕ್ಕಿಂತ ದೊಡ್ಡ ವಿಳಂಬ ನಾಗರಿಕರು ಕರೆ ಮಾಡುವ ಮೊದಲೇ ಆಗುತ್ತಿತ್ತೆಂದು ಅದರಿಂದ ತಿಳಿದುಬಂತು. ಸ್ಪೆಲ್ಮನ್ ಮತ್ತು ಬ್ರೌನ್ ಎಂಬ ಸಂಶೋಧಕರು ಅಲ್ಲಿಯ ಬೇರೆ ನಾಲ್ಕು ನಗರಗಳಲ್ಲಿ ಇದನ್ನೇ ಪರೀಕ್ಷಿಸಿದರು. ಗಂಭೀರ ಅಪರಾಧಗಳಲ್ಲಿ ಸುಮಾರು ಮುಕ್ಕಾಲು ಪಾಲು, ನಡೆದು ಎಷ್ಟೋ ಹೊತ್ತಿನ ಮೇಲೆ ಗಮನಕ್ಕೆ ಬಂದವು. ಕಚೇರಿಯಿಂದ ಮರಳಿದಾಗ ಮುರಿದ ಬೀಗ ಕಂಡಂತೆ. ವೇಗವಾದ ಆಗಮನದಿಂದಲೇ ಬಂಧನವಾದದ್ದು ವರದಿಯಾದ ಸಾವಿರ ಗಂಭೀರ ಪ್ರಕರಣಗಳಲ್ಲಿ 29 ಮಾತ್ರ.

ಇದರಿಂದ ವೇಗವೇ ವ್ಯರ್ಥವೆಂದು ಕೆಲವರು ತೀರ್ಮಾನಿಸಿದರು. ಆ ತೀರ್ಮಾನ ಅವಸರದ್ದು. ಇಂಗ್ಲೆಂಡಿನ ಗ್ರೇಟರ್ ಮ್ಯಾಂಚೆಸ್ಟರಿನ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸ್ಪಂದನ ಸಮಯ ಶೇಕಡಾ 10ರಷ್ಟು ಹೆಚ್ಚಿದರೆ ಪ್ರಕರಣ ಪತ್ತೆಯಾಗುವ ಸಂಭವ 4.7 ಶೇಕಡಾಂಶದಷ್ಟು ಇಳಿಯುವುದೆಂದು ಕಂಡಿತು. ಬೇಗ ಬಂದ ಪೊಲೀಸರಿಗೆ ಸಾಕ್ಷಿಗಳು ಇನ್ನೂ ಸ್ಥಳದಲ್ಲಿಯೇ ಸಿಗುತ್ತಾರೆ, ಅವರು ಶಂಕಿತನ ಹೆಸರನ್ನು ಹೇಳುವ ಸಾಧ್ಯತೆ ಹೆಚ್ಚು. ಎರಡೂ ಬಗೆಯ ಅಧ್ಯಯನಗಳನ್ನು ಒಟ್ಟಿಗೆ ಓದಿದರೆ ವಿರೋಧವೇನೂ ಇಲ್ಲ. ಪೊಲೀಸರ ವೇಗಕ್ಕೆ ಬೆಲೆ ಇದೆ, ಆದರೆ ಕರೆಯೇ ತಡವಾದರೆ ಆ ಬೆಲೆ ಕರಗಿಹೋಗುತ್ತದೆ.

ಕರೆಗೆ ಮೊದಲಿನ ನಿಮಿಷಗಳು

ಆ ವಿಳಂಬ ಹೇಗಾಗುತ್ತದೆ ಎಂಬುದಕ್ಕೆ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ದೆಹಲಿಯ ಒಂದು ಫ್ಲ್ಯಾಟಿನಲ್ಲಿ ಹಗಲು ಒಂಟಿಯಾಗಿರುವ ಕನ್ನಡಿಗ ವೃದ್ಧೆಯೊಬ್ಬರಿದ್ದಾರೆ. ಯಾರೋ ಬಾಗಿಲು ಒಡೆಯುತ್ತಿರುವ ಸದ್ದು. ಹಿಂದಿ ಅಷ್ಟಾಗಿ ಬಾರದ ಅವರು ಕಚೇರಿಯಲ್ಲಿರುವ ಮಗನಿಗೆ ಕರೆ ಮಾಡುತ್ತಾರೆ. ಸಭೆಯಲ್ಲಿದ್ದ ಮಗ ಎರಡನೆಯ ಕರೆಗೆ ಉತ್ತರಿಸುತ್ತಾನೆ. ಆತ ನೆರೆಮನೆಯವರಿಗೆ, ಅವರು ಸಂಘದ ಕಾವಲುಗಾರನಿಗೆ ಹೇಳುತ್ತಾರೆ. ಕೊನೆಗೆ ಪೊಲೀಸರಿಗೆ ಕರೆ ಹೋಗುವಾಗ ಮಾತನಾಡುತ್ತಿರುವವನು ಏನನ್ನೂ ಕಣ್ಣಾರೆ ಕಂಡವನಲ್ಲ. ಸಂಬಂಧಿಕರಿಗೆ ಮೊದಲು ತಿಳಿಸುವುದು, ಯಾರ ಸಲಹೆಯನ್ನಾದರೂ ಕೇಳುವುದು, ‘ಕರೆ ಮಾಡಲೇ ಬೇಡವೇ’ ಎಂಬ ಅನುಮಾನ, ಮೇಲಿನ ಅಧ್ಯಯನಗಳು ಗುರುತಿಸಿದ ಕಾರಣಗಳೂ ಇವೇ ಬಗೆಯವು.

ದೆಹಲಿಯಲ್ಲಿ 2019ರಿಂದ 112 ಎಂಬ ಒಂದೇ ತುರ್ತು ಸಂಖ್ಯೆ ಜಾರಿಯಲ್ಲಿದೆ. ಪೊಲೀಸ್, ಅಗ್ನಿಶಾಮಕ ಮುಂತಾದ ಸೇವೆಗಳಿಗೆ ಬೇರೆ ಬೇರೆ ಸಂಖ್ಯೆಗಳನ್ನು ನೆನಪಿಡುವ ಅವಶ್ಯಕತೆ ಈಗಿಲ್ಲ. ಸ್ಮಾರ್ಟ್‌ಫೋನುಗಳಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಬಾರಿ ಒತ್ತುವುದರಿಂದಲೂ, ಸಾಮಾನ್ಯ ಮೊಬೈಲುಗಳಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿಹಿಡಿಯುವುದರಿಂದಲೂ ತುರ್ತು ಕರೆ ಹೋಗುವಂತೆ ವ್ಯವಸ್ಥೆ ಮಾಡಲಾಗಿದೆ. ಫೋನಿನ ಸ್ಥಾನ ನಿಯಂತ್ರಣ ಕೇಂದ್ರಕ್ಕೆ ತಿಳಿಯುವುದಾದರೂ ಗೋಪುರದ ಆಧಾರದಿಂದ ದೊರೆತ ಸ್ಥಾನ ಸ್ಥೂಲವಾದುದು. ಹತ್ತು ಮಹಡಿಯ ಕಟ್ಟಡದಲ್ಲಿ ಯಾವ ಮಹಡಿ ಎಂಬುದನ್ನು ಅದು ಹೇಳಲಾರದು.

ಆದ್ದರಿಂದ ಮೊದಲು ಹೇಳಬೇಕಾದದ್ದು ಸ್ಥಳ, ಏನಾಯಿತೆಂಬುದು ಆಮೇಲೆ. ದೆಹಲಿಯಲ್ಲಿ ಇದು ಅಷ್ಟು ಸುಲಭವಲ್ಲ. ಮಯೂರ್ ವಿಹಾರ್ ಎಂದಷ್ಟೇ ಹೇಳಿದರೆ ಒಂದನೆಯ ಹಂತವೋ ಮೂರನೆಯ ಹಂತವೋ ತಿಳಿಯದು. ರೋಹಿಣಿಯಲ್ಲಿ ಸೆಕ್ಟರ್ ಸಂಖ್ಯೆಯ ಜೊತೆಗೆ ಪಾಕೆಟ್ ಸಂಖ್ಯೆಯೂ ಬೇಕು. ಮುಖ್ಯ ರಸ್ತೆಯಲ್ಲಿದ್ದರೆ ಮೆಟ್ರೊ ಕಂಬದ ಮೇಲಿನ ಸಂಖ್ಯೆ ಅತ್ಯುತ್ತಮ ಗುರುತು. ರಾತ್ರಿಯ ಹೊತ್ತು ಅನೇಕ ಕಾಲೊನಿಗಳ ಕಬ್ಬಿಣದ ಗೇಟುಗಳಿಗೆ ಬೀಗ ಬಿದ್ದಿರುತ್ತದೆ. ಯಾವ ಗೇಟು ತೆರೆದಿದೆ ಎಂಬ ಒಂದು ಮಾತಿನಿಂದ ವಾಹನ ಸುತ್ತುವುದು ತಪ್ಪುತ್ತದೆ. ಕಳ್ಳರನ್ನು ತಡೆಯಲು ಹಾಕಿದ ಗೇಟು ಪೊಲೀಸರನ್ನೂ ತಡೆಯುತ್ತದೆಂಬುದು ನಿವಾಸಿಗಳ ಸಂಘಗಳು ಯೋಚಿಸಬೇಕಾದ ಸಂಗತಿ. ಹಿಂದಿ ಬಾರದ ಹಿರಿಯರಿರುವ ಮನೆಯಲ್ಲಿ ವಿಳಾಸವನ್ನು ಹಿಂದಿಯ ಉಚ್ಚಾರದಲ್ಲಿ, ಕನ್ನಡ ಅಕ್ಷರಗಳಲ್ಲಿ ಬರೆದು ದೂರವಾಣಿಯ ಬಳಿ ಅಂಟಿಸಿಟ್ಟರೆ ಅನುಕೂಲ. ಅರ್ಧ ವಾಕ್ಯದ ಹಿಂದಿಯಾದರೂ ಸಾಕು.

ಹಣದ ಬೆನ್ನುಹತ್ತುವ ಓಟ

ನಿಮಿಷಗಳ ಲೆಕ್ಕ ಇಂದು ಅತ್ಯಂತ ಕಠಿಣವಾಗಿರುವುದು ಸೈಬರ್ ವಂಚನೆಯಲ್ಲಿ. 2022ರಲ್ಲಿ ದೇಶದಲ್ಲಿ 65,893 ಸೈಬರ್ ಅಪರಾಧಗಳು ದಾಖಲಾದವು. ಹಿಂದಿನ ವರ್ಷ ಆ ಸಂಖ್ಯೆ 52,974. ಇಲ್ಲಿ ಗಸ್ತು ವಾಹನ ಓಡಬೇಕಾದ ರಸ್ತೆಯೇ ಇಲ್ಲ. ವಂಚಕನ ಖಾತೆಗೆ ಹೋದ ಹಣ ಅಲ್ಲಿಂದ ಎರಡನೆಯ, ಮೂರನೆಯ ಖಾತೆಗಳಿಗೆ ಹರಿದು ಕೊನೆಗೆ ನಗದಾಗಿ ಹೊರಬೀಳುತ್ತದೆ. 1930 ಸಂಖ್ಯೆಗೆ ಕರೆ ಮಾಡಿದರೆ ವಿವರವು ಸಂಬಂಧಿಸಿದ ಬ್ಯಾಂಕಿಗೆ ರವಾನೆಯಾಗುತ್ತದೆ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ಅದನ್ನು ತಡೆಹಿಡಿಯಲಾಗುತ್ತದೆ, ಮುಂದೆ ಸಾಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಮೋಸಹೋದೆನೆಂಬ ನಾಚಿಕೆಯಿಂದ ಮನೆಯವರಿಗೂ ಹೇಳದೆ ಒಂದು ರಾತ್ರಿ ಕಳೆದವರಿಗೆ ಈ ಅವಕಾಶ ಬಹುತೇಕ ತಪ್ಪಿಹೋಗಿರುತ್ತದೆ.

ಠಾಣೆಯಲ್ಲಿ ನಾಗರಿಕರ ಹಕ್ಕು

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣವು, ಅಪರಾಧ ಎಲ್ಲಿಯೇ ನಡೆದಿರಲಿ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದೆಂದು ಹೇಳುತ್ತದೆ. ಝೀರೋ ಎಫ್.ಐ.ಆರ್. ಎಂದು ಜನಬಳಕೆಯಲ್ಲಿರುವುದು ಇದೇ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಪ್ರಯಾಣಿಸುವ ಕುಟುಂಬದ ಪೆಟ್ಟಿಗೆ ದಾರಿಯಲ್ಲಿ ಕಳುವಾಗಿ, ಅದು ಯಾವ ರಾಜ್ಯದಲ್ಲಿ ನಡೆಯಿತೆಂದೇ ತಿಳಿಯದಿದ್ದರೂ, ಇಳಿದ ನಿಲ್ದಾಣದ ಪೊಲೀಸರು ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ಹಿಂದೆ ಕಳುಹಿಸುವಂತಿಲ್ಲ. ಮಾಹಿತಿಯನ್ನು ಇ-ಸಂವಹನದ ಮೂಲಕವೂ ಕೊಡಬಹುದು. ಆದರೆ ಮೂರು ದಿನಗಳೊಳಗೆ ಸಹಿ ಮಾಡಬೇಕು. ಠಾಣೆಯಲ್ಲಿ ಬಾಯಿಮಾತಿನಿಂದ ಹೇಳಿದ್ದನ್ನು ಬರೆದುಕೊಂಡು ಹೇಳಿದವರಿಗೆ ಓದಿ ತಿಳಿಸಬೇಕೆಂಬುದು ಕಾನೂನಿನ ಆದೇಶ. ಭಾಷೆ ತಿಳಿಯದವರು ಜೊತೆಗೆ ಬಲ್ಲವರೊಬ್ಬರನ್ನು ಕರೆದೊಯ್ದು, ಅರ್ಥವಾದ ಮೇಲೆಯೇ ಸಹಿ ಮಾಡುವುದು ಉಚಿತ.

ಠಾಣಾಧಿಕಾರಿ ದಾಖಲಿಸಲು ನಿರಾಕರಿಸಿದರೆ ದೂರಿನ ಸಾರಾಂಶವನ್ನು ಬರಹದಲ್ಲಿ ಅಂಚೆಯ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಬಹುದು. ಅಲ್ಲಿಯೂ ಪರಿಹಾರ ಸಿಗದಿದ್ದರೆ ದಂಡಾಧಿಕಾರಿಯ ಮುಂದೆ ಅರ್ಜಿ ಸಲ್ಲಿಸಬಹುದು. ದಾಖಲಾದ ಮಾಹಿತಿಯ ಪ್ರತಿಯನ್ನು ಕೂಡಲೇ, ಯಾವ ಶುಲ್ಕವೂ ಇಲ್ಲದೆ ಕೊಡತಕ್ಕದ್ದು. ತನಿಖೆ ಎಲ್ಲಿಗೆ ಬಂದಿದೆ ಎಂಬುದನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ನೊಂದವರಿಗೆ ತಿಳಿಸುವ ಹೊಣೆಯನ್ನೂ ಸಂಹಿತೆಯು ತನಿಖಾಧಿಕಾರಿಯ ಮೇಲೆ ಹೊರಿಸಿದೆ.