ಆ ಕಲ್ಲು ಇದ್ದಲ್ಲೇ ಇರಲಿ

ಮಗಾ, ನೀನು ಜೆಸಿಬಿ ಓಡಿಸುವುದು ಕಲಿತೆಯೆಂದು ಕೇಳಿ ಸಂತೋಷವಾಯಿತು. ದುಡಿಯುವ ಕೈಗೆ ಬುದ್ಧಿ ಹೇಳಬೇಕಾದ್ದು ಹೆಚ್ಚಿಲ್ಲ. ಆದರೆ ನಾನು ಮಾಡಿದ ಒಂದು ತಪ್ಪನ್ನು ನೀನೂ, ನಮ್ಮ ಅಗರ-ಮಾಂಬಳ್ಳಿಯ ನಿನ್ನ ಗೆಳೆಯರೂ ಮಾಡಬಾರದು. ಅದಕ್ಕೇ ಈ ಮಾತು.

ನಿನ್ನ ವಯಸ್ಸಿನಲ್ಲಿ ಹನೂರು ಕಡೆ ಬೀಗರ ಹೊಲ ಹಸನು ಮಾಡಲು ಹೋಗಿದ್ದೆ. ಹೊಲದ ಮೂಲೆಯಲ್ಲಿ ದಪ್ಪ ಗುಂಡುಗಳು ಒಕ್ಕಣೆ ಕಣದ ಹಾಗೆ ದುಂಡಗೆ ಕೂತಿದ್ದವು, ನಡುವೆ ಕಲ್ಲುಗುಪ್ಪೆ. ಪಾಂಡವರ ಮನೆ ಎನ್ನುತ್ತಿದ್ದರು. ನಾಲ್ಕು ಜನ ಸೇರಿ ಹಾರೆ ಹಾಕಿ ಮೀಟಿದೆವು. ಕೆಳಗೆ ನಾಲ್ಕು ಚಪ್ಪಡಿ ನಿಲ್ಲಿಸಿದ ಪೆಟ್ಟಿಗೆ. ಒಂದು ಚಪ್ಪಡಿಯಲ್ಲಿ ತಲೆ ತೂರುವಷ್ಟು ದುಂಡು ಕಂಡಿ. ನಿಧಿಯೇ ಸಿಕ್ಕಿತೆಂದು ಎದೆ ಡವಡವ. ಸಿಕ್ಕಿದ್ದು ಮಣ್ಣು ತುಂಬಿದ ಮಡಕೆಗಳು, ತುಕ್ಕು ತಿಂದ ಕುಡುಗೋಲಿನ ತುಂಡು, ಬೆರಳು ತಾಗಿದರೆ ಪುಡಿಯಾಗುವ ಮೂಳೆ. ಸಿಟ್ಟಿಗೆ ಮಡಕೆ ಒಡೆದೆವು. ಚಪ್ಪಡಿಗಳನ್ನು ಕೊಟ್ಟಿಗೆಗೆ ಹಾಸಿದೆವು. ಒಡೆದ ಒಂದು ಬೋಕಿ ಈಗಲೂ ಕಣ್ಣಿಗೆ ಕಟ್ಟಿದೆ: ಒಳಗೆಲ್ಲ ಕಪ್ಪು, ಬಾಯಂಚೂ ಕಪ್ಪು, ಹೊರಗೆ ಕೆಂಪು, ಕೈಯಾಡಿಸಿದರೆ ನುಣುಪು.

ಅದು ಬೃಹತ್ ಶಿಲಾಯುಗದವರ ಗೋರಿ ಎಂದು ಗೊತ್ತಾಗುವ ಹೊತ್ತಿಗೆ ನನ್ನ ತಲೆ ನೆರೆತಿತ್ತು. ಮಡಕೆಯನ್ನು ಕವುಚಿ ಸುಟ್ಟರೆ ಗಾಳಿಯಾಡದ ಒಳಮೈ ಕಪ್ಪಾಗುತ್ತದೆ, ಹೊರಮೈ ಕೆಂಪಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಕಬ್ಬಿಣ ಕಾಸಿ ಕುಡುಗೋಲು ಬಡಿದ ಜನ ಅವರು. ಸತ್ತವರ ಮೂಳೆಗಳನ್ನು ಆರಿಸಿ ತಂದು, ಅನ್ನದ ಮಡಕೆ, ದುಡಿದ ಹತ್ಯಾರ ಜೊತೆಗಿಟ್ಟು, ಆಳೆತ್ತರದ ಬಂಡೆ ಎಬ್ಬಿಸಿ ಮುಚ್ಚಿದವರು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಅಂಥ ಕಲ್ಲುಮನೆಗಳು ನೂರಾರು ನಿಂತಿವೆ. ಅಲ್ಲಿನವರಿಗೆ ಅದು ಮೋರೇರ ಗುಡ್ಡ. 2021ರಲ್ಲಿ ಅದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು.

ಮಡಕೆ ಒಡೆದದ್ದಕ್ಕಿಂತ ಅದನ್ನು ಎತ್ತಿದ್ದೇ ನನ್ನ ದೊಡ್ಡ ತಪ್ಪು. ಹೇಗೆ ಅಂತೀಯಾ? 1947ರಲ್ಲಿ ವೀಲರ್ ಸಾಹೇಬರು ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಇಂಥ ಗೋರಿಗಳನ್ನು ಅಗೆದು, ಇವು ಕ್ರಿಸ್ತಪೂರ್ವ 200ರ ಸುಮಾರಿನವು ಎಂದರು. ಆಮೇಲೆ 1965ರಲ್ಲಿ ಎಂ.ಎಸ್. ನಾಗರಾಜರಾವ್ ಹಳ್ಳೂರಿನಲ್ಲಿ ಅಗೆದಾಗ ಕಬ್ಬಿಣದ ಜೊತೆಯ ಪದರದಲ್ಲೇ ಇದ್ದಿಲು ಸಿಕ್ಕಿತು. ಅದನ್ನು ಪರೀಕ್ಷಿಸಿದರೆ ನಮ್ಮ ನಾಡಿನ ಕಬ್ಬಿಣದ ವಯಸ್ಸು ಕ್ರಿಸ್ತಪೂರ್ವ 1000ದ ಸುಮಾರಿಗೆ ಹಿಂದೆ ಸರಿಯಿತು. ಇದ್ದಿಲ ಚೂರು ಇದ್ದ ಜಾಗದಲ್ಲೇ ಇದ್ದುದರಿಂದ ಅಷ್ಟು ದೊಡ್ಡ ಮಾತು ಹೇಳಿತು. ಯಾರೋ ನನ್ನಂಥವನು ಹಾರೆ ಹಾಕಿ ಕಲಕಿದ್ದರೆ ಅದು ಬರೀ ಕರಿ. ಯಾವುದರ ಪಕ್ಕ ಯಾವುದು ಇತ್ತು, ಎಷ್ಟು ಆಳದಲ್ಲಿತ್ತು ಎಂಬುದೇ ಅಲ್ಲಿನ ನಿಧಿ. ಅದನ್ನು ಕದ್ದವನಿಗೂ ಅದು ದಕ್ಕುವುದಿಲ್ಲ.

ನಾವು ಮೈಸೂರಿಗೆ ಹೋಗುವಾಗ ದಾಟುವ ತಿರುಮಕೂಡಲು ನರಸೀಪುರದಲ್ಲೂ 1959ರಿಂದ ಎಂ. ಶೇಷಾದ್ರಿ ಅಗೆಸಿದರು. ಕಬ್ಬಿಣಕ್ಕೂ ಮುಂಚಿನ, ಕಲ್ಲುಕೊಡಲಿಯ ಕಾಲದ ಮನುಷ್ಯನ ಅಸ್ಥಿಪಂಜರ ಅಲ್ಲಿ ಸಿಕ್ಕಿತು. ಕಾವೇರಿ, ಕಪಿಲೆ, ಸುವರ್ಣಾವತಿಯ ಈ ಸೀಮೆ ನಿನ್ನೆ ಮೊನ್ನೆ ಬೇಸಾಯ ಕಂಡದ್ದಲ್ಲ, ಮಗಾ.

ಈಗ ನಿನ್ನ ಕೆಲಸದ ಮಾತು. ನಾವು ನಾಲ್ಕು ಜನ ಅರ್ಧ ದಿನ ಮೀಟಿದ್ದನ್ನು ನಿನ್ನ ಬಕೆಟ್ಟು ಎರಡು ನಿಮಿಷದಲ್ಲಿ ಎತ್ತಿ ಬಿಸಾಡುತ್ತದೆ. ಹೊಲ ಮಟ್ಟ ಮಾಡುವಾಗ ದುಂಡಗೆ ಕೂತ ಗುಂಡುಗಳು, ನಿಂತ ಚಪ್ಪಡಿ, ಕಪ್ಪು-ಕೆಂಪು ಬೋಕಿ ಕಂಡರೆ ಗಾಡಿ ನಿಲ್ಲಿಸು. ಏನನ್ನೂ ಎತ್ತದೆ, ತೊಳೆಯದೆ ಫೋಟೊ ತೆಗೆ. ಗ್ರಾಮ ಆಡಳಿತಾಧಿಕಾರಿಗೋ ತಹಶೀಲ್ದಾರರಿಗೋ ತಿಳಿಸು; ಮೈಸೂರಿನಲ್ಲಿ ಪುರಾತತ್ವ ಇಲಾಖೆಯ ಕಚೇರಿಯೇ ಇದೆ. ಅಮಾವಾಸ್ಯೆ ರಾತ್ರಿ ನಿಧಿ ತೆಗೆಯೋಣ ಬಾ ಎಂದು ಕರೆಯುವವರು ಬರುತ್ತಾರೆ. ದುಪ್ಪಟ್ಟು ಬಾಡಿಗೆ ಕೊಟ್ಟರೂ ಹೋಗಬೇಡ. ಭೂಮಿಯಲ್ಲಿ ಸಿಕ್ಕ ನಿಕ್ಷೇಪವನ್ನು ಮುಚ್ಚಿಡುವುದು ಅಪರಾಧ.

ಹೇಳಿದರೆ ಹೊಲ ಹೋಗುತ್ತದೆ ಎಂದು ರೈತರು ಹೆದರುತ್ತಾರೆ. ಆ ಹೆದರಿಕೆ ಸುಳ್ಳೆಂದು ನಗಬೇಡ, ಬಿಡಿಸಿ ಹೇಳು. ತಿಳಿಸಿದ ಮಾತ್ರಕ್ಕೆ ಯಾವ ಜಾಗವೂ ಸ್ಮಾರಕವಾಗುವುದಿಲ್ಲ. 1958ರ ಕೇಂದ್ರ ಕಾಯ್ದೆಯ ಪ್ರಕಾರ ಮೊದಲು ಅಧಿಸೂಚನೆ ಹೊರಡಿಸಬೇಕು, ಆಕ್ಷೇಪಣೆಗೆ 2 ತಿಂಗಳು ಕೊಡಬೇಕು. ಬಹಳ ಕಡೆ ಹೊಲದ ಒಂದು ಮೂಲೆಯನ್ನು ಉಳದೆ ಬಿಟ್ಟರೆ ಸಾಕು. ನಮ್ಮ ಹಿರಿಯರು ಅಷ್ಟನ್ನೇ ಮಾಡಿದರು, ಅದಕ್ಕೇ ಇವು ಇಷ್ಟು ಕಾಲ ಉಳಿದವು.

ಚಿಕ್ಕಲ್ಲೂರು ಜಾತ್ರೆಗೆ ವರ್ಷವರ್ಷ ಹೋಗುತ್ತೀಯ. ಸಿದ್ದಪ್ಪಾಜಿ ಗದ್ದುಗೆಗೆ ಅಡ್ಡಬೀಳುತ್ತೀಯ. ಗದ್ದುಗೆಯ ಮೇಲೆ ಕಾಲಿಡಲು ನಿನ್ನ ಮನಸ್ಸು ಒಪ್ಪುವುದಿಲ್ಲ. ಹೊಲದ ಮೂಲೆಯ ಕಲ್ಲಿನ ಕೆಳಗಿರುವವರಿಗೆ ಹೆಸರಿಲ್ಲ, ಕಥೆ ಹಾಡುವ ನೀಲಗಾರರಿಲ್ಲ, ಅಷ್ಟೇ. ಅವರೂ ಯಾರದೋ ಅಪ್ಪ, ಯಾರದೋ ಅವ್ವ.

ನಾನು ಹಾಸಿದ ಚಪ್ಪಡಿ ಬೀಗರ ಕೊಟ್ಟಿಗೆಯಲ್ಲಿ ಇನ್ನೂ ಇದೆ. ಅದನ್ನು ವಾಪಸು ಒಯ್ದಿಟ್ಟರೂ ಗೋರಿ ಮತ್ತೆ ಗೋರಿಯಾಗುವುದಿಲ್ಲ. ನಿನ್ನ ಕೈ ಇನ್ನೂ ಚೊಕ್ಕವಾಗಿದೆ, ಹಾಗೇ ಇಟ್ಟುಕೊ.