ಹೇಳಿದಂತೆ ಕೇಳುತ್ತಿದ್ದ ನಾಯಿಯು ಮಾತು ಮೀರುವುದು

ಹೊಲದ ಕಾವಲಿಗೂ ಕುರಿಹಟ್ಟಿಯ ರಕ್ಷಣೆಗೂ ನಾಯಿಯನ್ನು ಸಾಕುವುದು ನಮ್ಮ ರೈತರಲ್ಲಿ ಬಹುಕಾಲದ ವಾಡಿಕೆ. ನಾಲ್ಕೈದು ವರ್ಷಗಳ ಕಾಲ ಕರೆದೊಡನೆ ಓಡಿಬಂದು, ಗದರಿಸಿದರೆ ಕುಳಿತು, ಕುರಿಮರಿಗಳ ನಡುವೆ ಸಾಧುವಾಗಿ ಮಲಗುತ್ತಿದ್ದ ನಾಯಿಯು ಇದ್ದಕ್ಕಿದ್ದಂತೆ ಕರೆದರೆ ತಿರುಗಿ ನೋಡದೆ, ಮುಟ್ಟಹೋದರೆ ಗುರುಗುಟ್ಟತೊಡಗುವುದುಂಟು. ಆಗ ಯಜಮಾನನು ‘ಇದಕ್ಕೆ ಸೊಕ್ಕು ಬಂದಿತು’ ಎಂದು ಕೋಲನ್ನು ಹುಡುಕುವನು. ಇದು ಸರಿಯಲ್ಲ. ಒಂದು ವರ್ಷದೊಳಗಿನ ಎಳೆಯ ನಾಯಿಯು ಮಾತು ಮೀರುವುದು ವಯೋಧರ್ಮವೆನ್ನಬಹುದು. ಆದರೆ ಪ್ರಾಯ ತುಂಬಿದ, ಪಳಗಿದ ನಾಯಿಯು ಕಾರಣವಿಲ್ಲದೆ ಸ್ವಭಾವವನ್ನು ಬದಲಿಸುವುದು ಅಪರೂಪ. ಆ ಕಾರಣವು ಬಹುಮಟ್ಟಿಗೆ ಅದರ ದೇಹದಲ್ಲಿಯೇ ಇರುವುದು.

ಎಲ್ಲಕ್ಕಿಂತ ಮೊದಲು ಸಂದೇಹಿಸತಕ್ಕದ್ದು ಹುಚ್ಚುನಾಯಿ ರೋಗವನ್ನು, ಅಂದರೆ ರೇಬೀಸನ್ನು. ಈ ರೋಗವು ಬಾಯಿಯ ಜೊಲ್ಲಿನಿಂದಲೂ ಕಚ್ಚಾಟದಿಂದಲೂ ಆರಂಭವಾಗುವುದೆಂದು ಜನರು ತಿಳಿದಿದ್ದಾರೆ. ಹಾಗಲ್ಲ. ಮೊದಲ ಎರಡು ಮೂರು ದಿನ ಕಾಣುವುದು ಸ್ವಭಾವದ ಬದಲಾವಣೆ ಮಾತ್ರ. ಸಲಿಗೆಯ ನಾಯಿಯು ಕಣಜದ ಮರೆಯಲ್ಲಿ ಅವಿತುಕೊಳ್ಳುವುದು. ಬಿಗುಮಾನದ ನಾಯಿಯು ವಿಪರೀತ ಸಲಿಗೆಯಿಂದ ಕೈ ನೆಕ್ಕುವುದು. ಮುಂದೆ ಕಟ್ಟಿಗೆ, ಕಲ್ಲು, ಮಣ್ಣುಗಳನ್ನು ಕಚ್ಚುವುದು, ಬೊಗಳುವ ದನಿ ಒಡೆಯುವುದು, ಕೆಳದವಡೆ ಜೋತುಬೀಳುವುದು. ಗಂಟಲಲ್ಲಿ ಎಲುಬು ಸಿಕ್ಕಿಕೊಂಡಿದೆಯೆಂದು ಭಾವಿಸಿ ನಾಯಿಯ ಬಾಯಿಗೆ ಕೈ ಹಾಕುವುದು ಈ ಹಂತದಲ್ಲಿಯೇ. ಇದಕ್ಕಿಂತ ಅಪಾಯಕರವಾದ ಉಪಚಾರವು ಮತ್ತೊಂದಿಲ್ಲ. ನೀರು ಕುಡಿಯುವ ನಾಯಿಗೆ ಹುಚ್ಚಿಲ್ಲವೆಂಬ ನಂಬಿಕೆಯೂ ತಪ್ಪು. ನೀರಿನ ಭಯವು ರೋಗ ತಗುಲಿದ ಮನುಷ್ಯನ ಲಕ್ಷಣ, ನಾಯಿಯದಲ್ಲ.

ಇಂತಹ ಸಂದೇಹ ಬಂದೊಡನೆ ಮಕ್ಕಳನ್ನೂ ದನಕರುಗಳನ್ನೂ ದೂರವಿರಿಸಿ, ನಾಯಿಯನ್ನು ಮುಟ್ಟದೆ ಒಂದು ಕೋಣೆಯಲ್ಲಿ ಕೂಡಿ, ಪಶುವೈದ್ಯರಿಗೆ ತಿಳಿಸತಕ್ಕದ್ದು. ನಾಯಿ ಕಚ್ಚಿದ್ದರೆ, ಪರಚಿದ್ದರೆ, ಅಥವಾ ಗಾಯವನ್ನು ನೆಕ್ಕಿದ್ದರೆ, ಆ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿಗಳನ್ನು ಹಚ್ಚಕೂಡದು. ರೋಗ ತಗುಲಿದ ನಾಯಿಯು ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಸಾಯುವುದಾದುದರಿಂದ ಅದನ್ನು ಅಷ್ಟು ಕಾಲ ನೋಡುವ ಕ್ರಮವುಂಟು. ಆದರೆ ನೋಡುವ ನೆಪದಿಂದ ಮನುಷ್ಯನ ಚಿಕಿತ್ಸೆಯನ್ನು ತಡಮಾಡಕೂಡದು. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುವರೆಂಬ ಹಳೆಯ ಭಯದಿಂದ ಆಸ್ಪತ್ರೆಗೆ ಹೋಗದವರು ಇಂದಿಗೂ ಇದ್ದಾರೆ. ಆ ಲಸಿಕೆಯು 2005ರಿಂದೀಚೆಗೆ ನಮ್ಮ ದೇಶದಲ್ಲಿ ಬಳಕೆಯಲ್ಲಿಲ್ಲ. ಈಗ ಕೆಲವೇ ಚುಚ್ಚುಮದ್ದುಗಳನ್ನು ತೋಳಿಗೆ ಹಾಕುವರು. ಲಕ್ಷಣಗಳು ತೋರಿದ ಮೇಲೆ ಮನುಷ್ಯನನ್ನು ಉಳಿಸುವ ಔಷಧವಿಲ್ಲ. ನಾಯಿಗೆ ಮೂರನೆಯ ತಿಂಗಳಿನಲ್ಲಿ ಮೊದಲ ಲಸಿಕೆಯನ್ನೂ, ಮುಂದೆ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆಯೂ ಹಾಕಿಸಿ ಚೀಟಿಯನ್ನು ಇಟ್ಟುಕೊಂಡಿದ್ದರೆ ಈ ಗಾಬರಿಯ ಬಹುಭಾಗವು ತಪ್ಪುವುದು.

ಹೊಲದಲ್ಲಿ ಕೀಟನಾಶಕ ಸಿಂಪಡಿಸಿದ ದಿನ ನಾಯಿಯು ಜೊಲ್ಲು ಸುರಿಸಿ, ನಡುಗಿ, ತಡವರಿಸಿದರೆ ವಿಷವೇರಿರಬಹುದು. ಔಷಧದ ಡಬ್ಬಿಯ ಚೀಟಿಯೊಡನೆ ಕೂಡಲೆ ಪಶುವೈದ್ಯರನ್ನು ಕಾಣಬೇಕು.

ಇವೆರಡೂ ಅಲ್ಲವೆಂದಾದರೆ ಕಿವಿಯನ್ನು ಪರೀಕ್ಷಿಸಬೇಕು. ನಾಯಿಯ ಕಿವಿಯ ನಾಳವು ನೇರವಾಗಿರದೆ ಕೆಳಗಿಳಿದು ಒಳಕ್ಕೆ ಬಾಗಿರುವುದು. ಆದುದರಿಂದ ನೀರು, ಉಣ್ಣಿ, ಹುಲ್ಲಿನ ಮುಳ್ಳು ಒಳಹೊಕ್ಕರೆ ತಾನಾಗಿ ಹೊರಬರುವುದು ಕಷ್ಟ. ಕೀವು ತುಂಬಿ, ದುರ್ವಾಸನೆ ಹುಟ್ಟಿ, ನಾಯಿಯು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುವುದು. ಬಹುಕಾಲ ಹಾಗೆಯೇ ಬಿಟ್ಟರೆ ಶ್ರವಣವೂ ಕುಂದುವುದು. ಅಂತಹ ನಾಯಿಯು ಕರೆದರೆ ಬಾರದಿರುವುದು ಅವಿಧೇಯತೆಯಲ್ಲ, ಕೇಳದಿರುವುದು. ಅದು ಮಲಗಿ ನಿದ್ರಿಸುವಾಗ ಹಿಂದಿನಿಂದ, ನೆಲವು ಅದುರದಂತೆ, ತಗಡಿನ ಡಬ್ಬವನ್ನು ಬಡಿದು ನೋಡಬಹುದು. ಕಿವಿ ನಿಮಿರದಿದ್ದರೆ ಕಾರಣವು ತಿಳಿದಂತೆಯೇ. ಕಾಸಿದ ಎಣ್ಣೆಯನ್ನು ಕಿವಿಗೆ ಹುಯ್ಯುವ ಪದ್ಧತಿಯನ್ನು ಬಿಡುವುದು ಒಳ್ಳೆಯದು; ಒಳಗಿನ ತಮಟೆ ಹರಿದಿದ್ದರೆ ಅದರಿಂದ ಹಾನಿಯೇ ಹೆಚ್ಚು.

ಕಣ್ಣು ಮಂಜಾದ ನಾಯಿಯು ಸಂಜೆಗತ್ತಲಲ್ಲಿ ಮನೆಯವರನ್ನೇ ಗುರುತಿಸದೆ ಬೊಗಳುವುದು. ಉಣ್ಣಿಯಿಂದ ಹರಡುವ ಜ್ವರದಲ್ಲಿ ನಾಯಿಯು ಮಂಕಾಗಿ ಎದ್ದೇಳಲೊಲ್ಲದು. ಮೂಗಿನಿಂದ ರಕ್ತ ಸೋರುವುದೂ ಉಂಟು. ಸೊಂಟ ಕೀಲುಗಳ ನೋವಿರುವ ನಾಯಿಗೆ ‘ಕೂರು’ ಎಂಬ ಆಜ್ಞೆಯೇ ಒಂದು ಶಿಕ್ಷೆ. ಗಾಡಿಗೆ ನೆಗೆಯಲು ಹಿಂಜರಿಯುವುದೂ ಇದೇ ಕಾರಣದಿಂದ. ಹೆಣ್ಣುನಾಯಿಯು ಬೆದೆಗೆ ಬಂದು ಒಂದೆರಡು ತಿಂಗಳಾದ ಮೇಲೆ ಗಬ್ಬವಿಲ್ಲದಿದ್ದರೂ ಗಬ್ಬದಂತೆ ವರ್ತಿಸಿ, ಹಳೆಯ ಚಿಂದಿಯನ್ನೋ ಮಕ್ಕಳ ಆಟಿಕೆಯನ್ನೋ ಮರಿಯೆಂದು ಕಾಯುತ್ತ ಸಮೀಪಿಸಿದವರ ಮೇಲೆ ಗುರುಗುಟ್ಟುವುದು. ಇದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುವುದು.

ದೇಹದಲ್ಲಿ ದೋಷವಿಲ್ಲವೆಂದು ವೈದ್ಯರು ಹೇಳಿದ ಮೇಲೆಯೇ ಮನೆಯವರ ನಡತೆಯ ಕಡೆಗೆ ದೃಷ್ಟಿ ಹರಿಸತಕ್ಕದ್ದು. ನಾಯಿಯನ್ನು ಕರೆಯುವುದು ಕಟ್ಟಿಹಾಕುವುದಕ್ಕೇ ಆದರೆ, ಕರೆ ಎಂದರೆ ಸರಪಳಿ ಎಂದು ಅದು ಅರಿತುಕೊಳ್ಳುವುದು. ತಡವಾಗಿ ಬಂದ ನಾಯಿಗೆ ಹೊಡೆದರಂತೂ, ತಡಮಾಡಿದ್ದಕ್ಕಲ್ಲ, ಬಂದದ್ದಕ್ಕೆ ಏಟು ಬಿದ್ದಿತೆಂದೇ ಅದರ ಎಣಿಕೆ. ದೀಪಾವಳಿಯ ಪಟಾಕಿಗೆ ಬೆದರಿದ ನಾಯಿಯು ವಾರಗಟ್ಟಲೆ ಅಂಗಳಕ್ಕಿಳಿಯದಿರುವುದೂ ಸೊಕ್ಕಲ್ಲ.

ಮತ್ತೆ ಪಳಗಿಸುವಾಗ ಹಳೆಯ ಕರೆಯನ್ನು ಬಿಟ್ಟು ಹೊಸದೊಂದು ಶಬ್ದವನ್ನು ಆರಿಸಿ, ಮನೆಯವರೆಲ್ಲರೂ ಅದನ್ನೇ ಬಳಸಬೇಕು. ನಾಯಿಗೆ ಉದ್ದನೆಯ ಹಗ್ಗವನ್ನು ಕಟ್ಟಿ, ನಾಲ್ಕು ಮಾರು ದೂರದಿಂದ ಒಮ್ಮೆ ಮಾತ್ರ ಕರೆದು, ಬಂದೊಡನೆ ರೊಟ್ಟಿಯ ಚೂರನ್ನು ಕೊಟ್ಟು ತಿರುಗಿ ಬಿಟ್ಟುಬಿಡಬೇಕು. ದಿನಕ್ಕೆ ಎರಡು ಹೊತ್ತು, ಐದೈದು ನಿಮಿಷ ಸಾಕು. ದೂರವನ್ನು ಕ್ರಮವಾಗಿ ಹೆಚ್ಚಿಸಿ, ಹತ್ತಕ್ಕೆ ಒಂಬತ್ತು ಸಲ ತಪ್ಪದೆ ಬರುವವರೆಗೂ ಹಗ್ಗವನ್ನು ಕಳಚದಿರುವುದು ಕ್ಷೇಮ.